ಖಾಲಿ ಬುಟ್ಟಿ ಮತ್ತು ನನ್ನ ದಮ್ಮು

ಉಸಿರನ್ನು ಮನುಷ್ಯ ತನ್ನದನ್ನು ತಾನೇ ಎಳೆಯಬೇಕು. ತಂದೆ ಮಗನಿಗಾಗಿ, ಗಂಡ ಹೆಂಡತಿಗಾಗಿ, ಅರಸ ಪ್ರಜೆಗಳಿಗಾಗಿ ಎಳೆದು ಕೊಡಲಾಗದ ವಸ್ತು ಲೋಕದಲ್ಲಿ ಇದೊಂದೇ ಇರಬೇಕು. ಈ ಗಹನವಾದ ಸತ್ಯ ನನಗೆ ಹೊಳೆದದ್ದು ಯಾವ ಮಠದಲ್ಲೂ ಅಲ್ಲ, ಯಾವ ಸ್ವಾಮಿಗಳ ಸನ್ನಿಧಿಯಲ್ಲೂ ಅಲ್ಲ. ಕಪನೂರದ ದಾಲ್ ಮಿಲ್ಲಿನ ಕಬ್ಬಿಣದ ಏಣಿಯ ನಟ್ಟನಡುವೆ, ಮೇಲೆ ಹತ್ತಲಾರದೆ ಕೆಳಗೆ ಇಳಿಯಲಾರದೆ ನಿಂತಿದ್ದಾಗ, ಅದೇ ಹೊತ್ತಿಗೆ ಪಾಯಖಾನೆಗೂ ಅವಸರವಾಗಿದ್ದಾಗ.

ತೊಗರಿಯ ಹಂಗಾಮು ಅದು. ಹೊಸ ಶತಮಾನ ಬರುತ್ತದೆಂದು ಪತ್ರಿಕೆಗಳೆಲ್ಲ ಸಡಗರ ಶುರು ಮಾಡಿದ್ದ ಕಾಲ. ಮಿಲ್ಲಿನೊಳಗೆ ಹೊಟ್ಟಿನ ಧೂಳು ಎಷ್ಟು ದಟ್ಟವಾಗಿತ್ತೆಂದರೆ ಹಮಾಲರಲ್ಲಿ ಮುದುಕರು ಯಾರು, ಹುಡುಗರು ಯಾರು ಎಂದು ಹುಬ್ಬು ನೋಡಿ ಹೇಳುವಂತಿರಲಿಲ್ಲ. ನಾನು ಅಲ್ಲಿ ಸೂಪರ್‌ವೈಜರ್. ಮದುವೆಗೂ ಮುಂಚಿನಿಂದ ಅದೇ ಧೂಳು ಕುಡಿದವನು. ಮೇಲಿನ ಜರಡಿ ನೋಡೋಣವೆಂದು ಏಣಿ ಹತ್ತುತ್ತಿದ್ದೆ. ಅರ್ಧಕ್ಕೆ ಬಂದೆ. ಉಸಿರು ಒಳಗೆ ಹೋಯಿತು.

ಹೊರಗೆ ಬರಲಿಲ್ಲ.

ಹಮಾಲರು ಇಬ್ಬರು ಬಂದು ನನ್ನನ್ನು ತೊಗರಿ ಚೀಲ ಇಳಿಸಿದ ಹಾಗೆ ಇಳಿಸಿದರು. ಚೀಲಕ್ಕಿಂತ ಸ್ವಲ್ಪ ಮರ್ಯಾದೆಯಿಂದ ಎಂದು ಈಗಲೂ ನಂಬಿದ್ದೇನೆ.

ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಹೆಸರು, ದಮ್ಮು. ಶಹಾಬಜಾರದ ಮನೆಗೆ ಬಂದ ಕೂಡಲೇ ನನ್ನ ಹೆಂಡತಿ ಮಹಾದೇವಿ ಅದರ ಮೂಲವನ್ನು ಪತ್ತೆ ಹಚ್ಚಿದಳು. ಎಕ್ಸ್‌ರೇ ಬೇಕಾಗಲಿಲ್ಲ.

"ಬಾಳೆಹಣ್ಣಿನ ಥಂಡಿ ಅದ ಇದು. ಬ್ಯಾಡ ಬ್ಯಾಡ ಅಂದ್ರೂ ನಿನ್ನಿ ಎರಡು ತಿಂದ್ರಿ. ಈಗ ಅನುಭವಿಸ್ರಿ."

ಅವಳ ತವರು ಕಮಲಾಪುರ. ಅವಳ ತಮ್ಮ ಶರಣಪ್ಪ ಅಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಆಗಾಗ ಒಂದು ಬುಟ್ಟಿ ತುಂಬ ಹಣ್ಣು ಅಕ್ಕನ ಮನೆಗೆ ಬರುತ್ತದೆ. ಕಮಲಾಪುರದ ಕೆಂಪು ಬಾಳೆ ಮನೆಯಲ್ಲಿದ್ದರೆ ಅದು ಬೇರೆ ಹಣ್ಣಿನ ಹಾಗೆ ಮೂಲೆಯಲ್ಲಿ ಸುಮ್ಮನೆ ಕೂಡುವುದಿಲ್ಲ, ಪಡಸಾಲೆಯಿಂದ ಅಡುಗೆಮನೆವರೆಗೆ ವಾಸನೆಯಾಗಿ ಓಡಾಡುತ್ತದೆ. ಅವತ್ತಿನಿಂದ ನನ್ನ ಪಾಲಿಗೆ ಬಂದದ್ದು ಆ ವಾಸನೆ ಮಾತ್ರ. ಅದನ್ನೂ ಪೂರ್ತಿ ಎಳೆದುಕೊಳ್ಳುವಷ್ಟು ಉಸಿರು ಇರಲಿಲ್ಲ.

ಈ ಬುಟ್ಟಿಯ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ತವರಿನಿಂದ ತುಂಬಿ ಬಂದ ಬುಟ್ಟಿ ತವರಿಗೆ ಖಾಲಿ ಹೋಗಬಾರದು. ಇದು ಮಹಾದೇವಿಯ ಸಂವಿಧಾನ. ತಿದ್ದುಪಡಿಗೆ ಅವಕಾಶವಿಲ್ಲ. ಒಂದು ಸಲ ಬೇಳೆ, ಒಂದು ಸಲ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಒಂದು ಸಲ ಖಡಕ್ ರೊಟ್ಟಿ, ಏನೂ ಇಲ್ಲದಿದ್ದರೆ ಮೊಮ್ಮಗಳಿಗೆ ಗಿಡ್ಡಾದ ಅಂಗಿ. ಒಟ್ಟಿನಲ್ಲಿ ಬುಟ್ಟಿಗೆ ತಳ ಕಾಣಬಾರದು. ಕಮಲಾಪುರಕ್ಕೆ ಹೋಗುವ ಟೆಂಪೊ ನಮ್ಮ ಮಿಲ್ಲಿನ ಗೇಟಿನ ಮುಂದೆಯೇ ಹಾಯುವುದರಿಂದ ಬುಟ್ಟಿಯನ್ನು ಸಿಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ದು ಡ್ರೈವರ್ ಮಹಬೂಬನ ಕೈಗೆ ಕೊಡುವುದು ನನ್ನ ಕರ್ತವ್ಯ. ಮೇಲೆ ಬಟ್ಟೆ ಕಟ್ಟಿರುತ್ತಿತ್ತು. ಗಂಡಸರು ಬುಟ್ಟಿಯ ಬಟ್ಟೆ ತೆಗೆದು ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಪದ್ಧತಿಗಳು ಹೇಗೆ ಮನುಷ್ಯನನ್ನು ಕೊಲ್ಲುತ್ತವೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬಾಳೆಹಣ್ಣು ಬಿಟ್ಟು ಒಂದು ತಿಂಗಳಾದರೂ ದಮ್ಮು ಇಳಿಯಲಿಲ್ಲ. ಮಗ ಹಟ ಮಾಡಿ ಚೆಸ್ಟ್ ಡಾಕ್ಟರ ಹತ್ತಿರ ಕರೆದೊಯ್ದ. ಅಲ್ಲಿ ಸ್ಪೈರೋಮೆಟ್ರಿ ಎಂಬ ಪರೀಕ್ಷೆ. ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದನ್ನು ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟು, ಒಬ್ಬ ಸಿಸ್ಟರ್ ಕಿವಿಯ ಹತ್ತಿರ ಕೂಗುತ್ತಾರೆ: "ಊದ್ರಿ, ಊದ್ರಿ, ಊದ್ರಿ, ಬಿಡಬ್ಯಾಡ್ರಿ, ಇನ್ನಾ ಊದ್ರಿ!" ನಾನು ಊದಿದೆ. ಕಣ್ಣು ಕತ್ತಲೆ ಬಂದು ಕುಳಿತೆ. ಇಷ್ಟು ಊದುವ ಶಕ್ತಿ ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ ಎಂದು ಕೇಳಬೇಕೆಂದಿದ್ದೆ. ಕೇಳಲು ಉಸಿರಿರಲಿಲ್ಲ.

ಡಾಕ್ಟರು ಗ್ರಾಫು ನೋಡಿದರು. ಮೆತ್ತಗೆ ಮಾತಾಡುವ ಮನುಷ್ಯ. "ಸಿ.ಓ.ಪಿ.ಡಿ. ಅಂತಾರ್ರಿ ಇದಕ್ಕ. ಧೂಳು, ಹಿಂದ ಸೇದಿದ ಬೀಡಿ, ಎರಡೂ ಕೂಡಿ ಮಾಡ್ಯಾವ."

"ಬಾಳೆಹಣ್ಣು?"

"ಬಾಳೆಹಣ್ಣು ಏನು ಮಾಡ್ತದ್ರಿ ಪಾಪ?"

ಮಹಾದೇವಿ ಆಚೆ ನೋಡಿದಳು. ಡಾಕ್ಟರ ವಿದ್ಯೆಯ ಮೇಲೆ ಅವಳಿಗಿದ್ದ ಗೌರವ ಅಲ್ಲೇ ಅರ್ಧ ಇಳಿಯಿತು.

"ಎಷ್ಟು ದಿನಕ್ಕ ವಾಸಿ ಆಗ್ತದ್ರಿ?" ಎಂದೆ.

"ವಾಸಿ ಆಗೂದಲ್ರಿ. ಹಿಡಿದು ಇಟ್ಕೋಬೇಕು."

"ಎಲ್ಲೀತನಕ ಹಿಡೀಬೇಕು?"

"ನೀವು ಇರೂ ತನಕ."

ಡಾಕ್ಟರಿಗೂ ಹಾಸ್ಯಪ್ರಜ್ಞೆ ಇರಬಹುದು. ಆದರೆ ಅವರು ನಗಲಿಲ್ಲ.

ಆ ಬೇಸಿಗೆ ಬಂತು. ಕಲಬುರಗಿಯ ಬೇಸಿಗೆಯ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾದ್ದಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಶಹಾಬಜಾರದ ನಮ್ಮ ಕಲ್ಲಿನ ಮನೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೆಲ್ಲ ನಮ್ಮ ಮೇಲೆ ಕಾರುತ್ತದೆ. ಆದ್ದರಿಂದ ಹೋಳಿಯಿಂದ ಮಿರುಗದ ಮಳೆಯವರೆಗೆ ಓಣಿಯ ಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ. ಅಲ್ಲಿ ಗಾಳಿ ಇರುತ್ತದೆ. ಮಾತಿರುತ್ತದೆ. ಪಕ್ಕದ ಮಾಳಿಗೆಯವರೊಡನೆ ಇಡೀ ವರ್ಷದ ವ್ಯವಹಾರ ಇತ್ಯರ್ಥವಾಗುವುದು ಅಲ್ಲಿಯೇ. ನಾನು ಹುಟ್ಟಿದಾಗಿನಿಂದ ಒಂದು ಬೇಸಿಗೆಯನ್ನೂ ಕೆಳಗೆ ಕಳೆದವನಲ್ಲ.

ಆ ವರ್ಷ ಮೆಟ್ಟಿಲು ಹತ್ತಲಾಗಲಿಲ್ಲ.

ಮಗ, ಸೊಸೆ, ಮೊಮ್ಮಗಳು ಹಾಸಿಗೆ ಸುತ್ತಿಕೊಂಡು ಮೇಲೆ ಹೋದರು. ಮಹಾದೇವಿ ನನ್ನ ಜೊತೆ ಕೆಳಗೆ ಉಳಿದು, ಕರೆಂಟು ಹೋದಾಗಲೆಲ್ಲ ಬೀಸಣಿಕೆ ಬೀಸುತ್ತ, ಯಾರನ್ನೋ ಶಪಿಸುತ್ತಿದ್ದಳು. ಯಾರನ್ನು ಎಂದು ಕೇಳಲಿಲ್ಲ. ಮೇಲಿನಿಂದ ಪಕ್ಕದ ಮನೆಯವರ ನಗು ಕೇಳುತ್ತಿತ್ತು. ನನ್ನ ಬಗ್ಗೆಯೇ ನಗುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ರೋಗಿಗೆ ಅಷ್ಟು ದೊಡ್ಡಸ್ತಿಕೆ ಸಹಜ.

ಮಾಳಿಗೆ ಹತ್ತಬೇಕು. ನನಗೆ ಬೇಕಾದದ್ದು ಇಷ್ಟೇ. ಮೋಕ್ಷವನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ.

ಮಳೆ ಶುರುವಾದ ಮೇಲೆ ಡಾಕ್ಟರು ಒಂದು ದಿನ ಕರೆಸಿದರು. ಹೊಸದೊಂದು ಔಷಧ ಬಂದಿದೆ, ಇನ್ನೂ ಪೇಟೆಗೆ ಬಿಟ್ಟಿಲ್ಲ, ಪರೀಕ್ಷೆಯಲ್ಲಿದೆ. ಕ್ಯಾಪ್ಸೂಲಿನೊಳಗೆ ಪುಡಿ. ನುಂಗುವುದಲ್ಲ, ಒಂದು ಪ್ಲಾಸ್ಟಿಕ್ ಪೀಪಿಯೊಳಗೆ ಹಾಕಿ, ಒಡೆದು, ಬಾಯಿಂದ ಎಳೆದುಕೊಳ್ಳುವುದು. ಟ್ರಯಲ್‌ಗೆ ಸೇರುತ್ತೀರಾ?

"ಗುಣ ಆಗ್ತದೇನ್ರಿ?"

"ಅದನ್ನ ನೋಡಾಕೇ ಟ್ರಯಲ್ ಮಾಡಾಕತ್ತೀವ್ರಿ. ಅರ್ಧ ಮಂದಿಗೆ ಖರೇ ಔಷಧ ಕೊಡ್ತೀವಿ. ಅರ್ಧ ಮಂದಿಗೆ ಬರೇ ಹಾಲಿನ ಸಕ್ಕರಿ ಪುಡಿ."

"ನನಗ ಯಾವ್ದು ಕೊಡ್ತೀರಿ?"

"ನನಗ ಗೊತ್ತಿರೂದಿಲ್ಲ."

"ಸಿಸ್ಟರ್‌ಗೆ?"

"ಅವರಿಗೂ ಗೊತ್ತಿರೂದಿಲ್ಲ. ಬಾಂಬೆ ಆಫೀಸಿನವರಿಗೆ ಅಷ್ಟೇ ಗೊತ್ತು."

ರೋಗಿಗೆ ಗೊತ್ತಿಲ್ಲ, ವೈದ್ಯನಿಗೆ ಗೊತ್ತಿಲ್ಲ, ಕೊಡುವ ಕೈಗೆ ಗೊತ್ತಿಲ್ಲ. ನಮ್ಮ ಮಿಲ್ಲಿನಲ್ಲಿ ಚೀಲದೊಳಗೆ ಬೇಳೆ ಇದೆಯೋ ಹೊಟ್ಟಿದೆಯೋ ಎಂದು ಮಾಲೀಕನಿಗೂ ಹಮಾಲನಿಗೂ ತಿಳಿಯದಂತೆ ವ್ಯಾಪಾರ ಮಾಡಿದ್ದರೆ ಪೊಲೀಸರು ಬರುತ್ತಿದ್ದರು. ಇಲ್ಲಿ ಅದಕ್ಕೆ ವಿಜ್ಞಾನ ಎಂದು ಹೆಸರು.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಟ್ರಯಲ್ ಮುಗಿಯುತ್ತದೆ. ತಪ್ಪದೆ ಪೂರ್ತಿ ಮಾಡಿದವರಿಗೆಲ್ಲ, ಅವರಿಗೆ ಬಂದಿದ್ದು ಸಕ್ಕರೆಯೇ ಆಗಿದ್ದರೂ, ಔಷಧ ಪೇಟೆಗೆ ಬರುವತನಕ ಖರೇ ಔಷಧವನ್ನು ಪುಕ್ಕಟೆ ಕೊಡುತ್ತಾರೆ. ನಡುವೆ ಬಿಟ್ಟವರಿಗೆ, ನಿಯಮ ಮುರಿದವರಿಗೆ ಇಲ್ಲ.

ನನ್ನ ಕಣ್ಣ ಮುಂದೆ ಮಾಳಿಗೆ ಬಂತು. ಸಹಿ ಮಾಡಿದೆ.

ಮಹಾದೇವಿ ಆಗ ಬಾಯಿ ಬಿಟ್ಟಳು. "ಸಾಹೇಬ್ರ, ನನ್ನ ತಮ್ಮಗೂ ಹಿಂಗೇ ದಮ್ಮು ಅದರಿ. ಅವನ್ನೂ ಸೇರಸ್ಕೋರಿ." ಇದು ಖರೆ. ಶರಣಪ್ಪನಿಗೆ ನನಗಿಂತ ಹಳೆಯ ದಮ್ಮು. ಅವನ ಎದೆಯ ಸೀಟಿ ಬಾಳೆ ತೋಟದ ಈ ಬದುವಿನಿಂದ ಆ ಬದುವಿಗೆ ಕೇಳುತ್ತದೆ. ಅವನಿಗೂ ಯಾರೋ ಡಾಕ್ಟರು ಒಂದು ಪೀಪಿ, ಸಾದಾ ಕ್ಯಾಪ್ಸೂಲು, ಗುಳಿಗೆ ಎಲ್ಲ ಕೊಟ್ಟಿದ್ದರು. ಡಾಕ್ಟರು ಎಲ್ಲ ಕೇಳಿಕೊಂಡು ತಲೆ ಅಲ್ಲಾಡಿಸಿದರು. ಶರಣಪ್ಪನಿಗೆ ಹಿಂದೊಮ್ಮೆ ಟಿ.ಬಿ. ಆಗಿತ್ತು. ಅಂಥವರನ್ನು ತೆಗೆದುಕೊಳ್ಳುವಂತಿಲ್ಲ.

"ಒಂದs ಮನೀ ಮಂದಿ ಇದ್ದಾಂಗ್ರಿ," ಎಂದಳು ಮಹಾದೇವಿ.

"ನಿಯಮ ಹಂಗ ಅದರವ್ವ."

ಅವಳು ಮತ್ತೆ ಮಾತಾಡಲಿಲ್ಲ. ಮಹಾದೇವಿ ಮಾತಾಡದೆ ಇದ್ದಾಗ ಹೆದರಬೇಕೆಂಬುದು ಮದುವೆಯಾದ ಮೊದಲ ವರ್ಷವೇ ನನಗೆ ಗೊತ್ತಾಗಿತ್ತು. ಯಾಕೋ ಅವತ್ತು ಮರೆತೆ.

ಮೊದಲ ದಿನ ಸಿಸ್ಟರ್ ಎದುರಿಗೆ ಕೂಡಿಸಿ ಕಲಿಸಿದರು. ಒಂದು ಸಲಕ್ಕೆ ಎರಡು ಕ್ಯಾಪ್ಸೂಲು, ಒಂದರ ಹಿಂದೆ ಒಂದು. ಬೆಳಿಗ್ಗೆ ಹಾಗೆ, ಸಂಜೆ ಹಾಗೆ. ಖಾಲಿಯಾದ ಸಿಪ್ಪೆಗಳನ್ನು ಎಸೆಯಬಾರದು, ಕವರಿನಲ್ಲಿ ಹಾಕಿ ತಿಂಗಳಿಗೊಮ್ಮೆ ವಾಪಸು ತರಬೇಕು. ಪೀಪಿ ಬಾಯಿಗಿಟ್ಟು ಎಳೆದಾಗ ಒಳಗೆ ಕ್ಯಾಪ್ಸೂಲು ಗಿರಗಿರ ತಿರುಗುವ ಸದ್ದು. ಪುಡಿ ಗಂಟಲಿಗೆ ಬಡಿದು ಕೆಮ್ಮು ಬಂತು. ನಾಲಿಗೆಯ ಮೇಲೆ ಸಿಹಿ ಉಳಿಯಿತು. ಸಕ್ಕರೆ ಎಂದು ಅಲ್ಲಿಯೇ ತೀರ್ಪು ಕೊಟ್ಟೆ.

ಅವತ್ತು ಸಂಜೆ, ಸೂರ್ಯ ಇನ್ನೂ ಇದ್ದ, ಸುಮ್ಮನೆ ನೋಡೋಣವೆಂದು ಮೆಟ್ಟಿಲಿಗೆ ಕಾಲಿಟ್ಟೆ. ನಡುವೆ ಒಮ್ಮೆ ಕುಳಿತೆ. ಮತ್ತೆ ಎದ್ದೆ. ಮಾಳಿಗೆಯ ಮೇಲೆ ಇದ್ದೆ. ಪಕ್ಕದ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಗುರುಬಾಯಿ ನನ್ನನ್ನು ನೋಡಿ, "ಅಯ್ಯ, ಕಾಕಾ! ಇನ್ನೂ ಅದೀರೇನ್ರಿ?" ಎಂದಳು. ಎಷ್ಟು ಪ್ರೀತಿಯ ಓಣಿ ನಮ್ಮದು.

ಮಾರನೆಯ ದಿನ ಅರ್ಧ ಮೆಟ್ಟಿಲಿಗೇ ಕುಳಿತೆ. ಆಮೇಲಿನ ದಿನವೂ ಅಷ್ಟೇ. ಮೊದಲ ದಿನದ್ದು ಹುರುಪು ಎಂದುಕೊಂಡೆ.

ಇಲ್ಲಿ ಒಂದು ಮಾತು. ನಮ್ಮ ಮನೆಯಲ್ಲಿ ಔಷಧ ಮಹಾದೇವಿಯ ಖಾತೆ. ಗುಳಿಗೆ ಯಾವುದು, ಎಷ್ಟು, ಯಾವಾಗ, ಎಲ್ಲ ಅವಳ ಸುಪರ್ದಿ. ನಾನು ಬಾಯಿ ತೆರೆಯುವ ಇಲಾಖೆ. ಟ್ರಯಲ್‌ನ ಡಬ್ಬಿಯೂ ಅವಳ ಟ್ರಂಕಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಪೀಪಿಗೆ ಒಂದು ಕ್ಯಾಪ್ಸೂಲು ಹಾಕಿ ಕೊಟ್ಟಳು. ಎಳೆದೆ. ಕೆಮ್ಮಿದೆ. ಇನ್ನೊಂದಕ್ಕೆ ಕೈ ಚಾಚಿದೆ.

"ಸಾಕು. ಎರಡು ಅನ್ನೂದು ಮೊದಲ ದಿನಕ್ಕ. ಇನ್ನ ಮುಂದ ಒಂದs."

"ಯಾರು ಹೇಳಿದ್ರು?"

"ನೀವು ಹೊರಗ ಚಪ್ಪಲಿ ಹಾಕೋಳಾಗ ಸಿಸ್ಟರ್ ಹೇಳಿದ್ರು."

ಕೆಮ್ಮು ಅರ್ಧ ಉಳಿಯಿತಲ್ಲ ಎಂದು ನನಗೂ ಸಮಾಧಾನವಾಯಿತು. ದವಾಖಾನೆಯವರು ಮೊದಲ ಬಾರಿಗೆ ನನಗೆ ಉಪಕಾರ ಮಾಡಿದ್ದಾರೆ ಎಂದುಕೊಂಡೆ.

ತಿಂಗಳಿಗೊಮ್ಮೆ ದವಾಖಾನೆ. ಅಲ್ಲಿ ಮಾತ್ರ ಸಿಸ್ಟರ್ ತಮ್ಮ ಎದುರಿಗೇ ಎರಡು ಎಳೆಸುತ್ತಿದ್ದರು. ಇದು ಪರೀಕ್ಷೆಯ ದಿನದ ವಿಶೇಷ ಇರಬೇಕೆಂದು ನಾನೂ ಕೇಳಲಿಲ್ಲ. ಆ ದಿನ ಎದೆ ಹಗುರಾಗಿರುತ್ತಿತ್ತು. ಸಂಜೆ ಮಾಳಿಗೆ ತಲುಪುತ್ತಿದ್ದೆ. ಮರುದಿನ ಮತ್ತೆ ಅರ್ಧ ಮೆಟ್ಟಿಲು. ದವಾಖಾನೆಯ ಎ.ಸಿ.ಯ ಗುಣವೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದೆವು. ನಾನು ಒಪ್ಪಿಸಿದ್ದೆ ಎಂದರೂ ಸರಿ.

ಸಿಪ್ಪೆಗಳ ಕವರು ನೋಡಿ ಸಿಸ್ಟರ್ ಹಿಗ್ಗಿಹೋಗುತ್ತಿದ್ದರು. "ಒಂದೂ ತಪ್ಪಿಸಿಲ್ಲ ನೋಡ್ರಿ ಕಾಕಾ! ಇವರನ್ನ ನೋಡಿ ಕಲೀರಿ ಎಲ್ಲಾರೂ." ಬೆಂಚಿನ ಮೇಲೆ ಕುಳಿತ ಉಳಿದ ದಮ್ಮಿನವರು ನನ್ನನ್ನು ತರಗತಿಯ ಮಾನಿಟರನನ್ನು ನೋಡುವ ಹಾಗೆ ನೋಡುತ್ತಿದ್ದರು. ನಾನು ಗಂಭೀರವಾಗಿ ಕೂಡುತ್ತಿದ್ದೆ. ಒಂದೊಂದು ಎಳೆಯುವವನ ಮನೆಯಲ್ಲಿ ಎರಡೆರಡರ ಸಿಪ್ಪೆ ಎಲ್ಲಿಂದ ಬಂತೆಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಹೇಳಿದೆನಲ್ಲ, ಅದು ನನ್ನ ಇಲಾಖೆಯಲ್ಲ.

ಅತ್ತ ಕಮಲಾಪುರದಲ್ಲಿ ಶರಣಪ್ಪನಿಗೆ ಪ್ರಾಯ ಬಂದಿತ್ತು. ಸುದ್ದಿ ತರುತ್ತಿದ್ದವನು ಮಹಬೂಬ್. ಮಿಲ್ಲಿನ ಗೇಟಿನಲ್ಲಿ ಬುಟ್ಟಿ ಇಳಿಸುತ್ತ, "ಕ್ಯಾ ಬಾತ್ ಹೈ ಸಾಬ್, ನಿಮ್ಮ ಸಾಲೇ ಸಾಹೇಬ್ರು ಮುಂಜಾನೆ ತಾವೇ ಗೊನಿ ಹೊತ್ತು ರೋಡಿಗೆ ತಂದಾರ್ರಿ," ಎನ್ನುತ್ತಿದ್ದ. ನಾನು ಇಲ್ಲಿ ವಿಜ್ಞಾನಕ್ಕೆ ಮೈಕೊಟ್ಟು ಅರ್ಧ ಮೆಟ್ಟಿಲಿನಲ್ಲಿ ಕೂತಿದ್ದೇನೆ, ಅಲ್ಲಿ ಅವನು ಯಾವ ಟ್ರಯಲ್ಲೂ ಇಲ್ಲದೆ ಬಾಳೆಗೊನೆ ಹೊರುತ್ತಾನೆ. ಉರಿದುಹೋಯಿತು. ಮನೆಗೆ ಬಂದು ಹೇಳಿದೆ. ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. "ಹೌದೇನ್ರಿ? ಛಲೋ ಆತು ಬಿಡ್ರಿ," ಎಂದಳು. ಮುಖ ಎತ್ತಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಹೀಗೆ ದಸರೆ ಹೋಯಿತು, ದೀಪಾವಳಿ ಹೋಯಿತು. ಥಂಡಿ ಬಿತ್ತು.

ಅದೊಂದು ಮುಂಜಾನೆ ನಾನು ಮಿಲ್ಲಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದೆ. ಏಣಿಯಿಂದ ಇಳಿದ ಮೇಲೆ ಮಾಲೀಕರು ನನಗೆ ಗೇಟಿನ ಉಸ್ತುವಾರಿ ಕೊಟ್ಟಿದ್ದರು. ಕಮಲಾಪುರದ ಕಡೆಯಿಂದ ಮಹಬೂಬನ ಟೆಂಪೊ ಬಂತು. ಬರುವ ಹೊತ್ತಲ್ಲ. ಬಂದ ರೀತಿಯೂ ಅದಲ್ಲ. ಬ್ರೇಕು ಹಾಕಿ ನಿಲ್ಲಿಸಿದವನೇ ಕೂಗಿದ.

"ಸಾಬ್, ಜಲ್ದಿ ಹತ್ರಿ! ಶರಣಪ್ಪ!"

ಹಿಂದಿನ ಸೀಟಿನಲ್ಲಿ ಶರಣಪ್ಪ ಎರಡೂ ಕೈ ತೊಡೆಗೆ ಊರಿ, ಮುಂದಕ್ಕೆ ಬಾಗಿ ಕುಳಿತಿದ್ದ. ತುಟಿ ನೇರಳೆ ಬಣ್ಣ. ಎದೆಯ ಸೀಟಿ ಕೇಳುತ್ತಿರಲಿಲ್ಲ. ಸೀಟಿ ಕೇಳದಿದ್ದರೆ ಒಳ್ಳೆಯದೆಂದು ಗೊತ್ತಿಲ್ಲದವರು ತಿಳಿಯುತ್ತಾರೆ. ನನಗೆ ಗೊತ್ತಿತ್ತು. ಗಾಳಿ ಒಳಗೆ ಹೋದರೆ ತಾನೇ ಸೀಟಿ.

"ಮಾಮಾ," ಎಂದ. ಅಷ್ಟೇ ಆಯಿತು.

ಅವನ ಬೆನ್ನಿಗೆ ಕೈ ಕೊಟ್ಟು ಕುಳಿತೆ. ಅಂಗಿ ಒದ್ದೆಯಾಗಿತ್ತು. ಅವನ ಒಂದೊಂದು ಎಳೆತಕ್ಕೂ ನಾನೂ ಎಳೆಯುತ್ತಿದ್ದೆ, ನನಗೆ ತಿಳಿಯದೆ. ಮೊದಲೇ ಹೇಳಿದೆ, ಒಬ್ಬರ ಉಸಿರು ಇನ್ನೊಬ್ಬರು ಎಳೆದು ಕೊಡಲು ಬರುವುದಿಲ್ಲ. ಆದರೂ ಕಪನೂರದಿಂದ ದವಾಖಾನೆಯವರೆಗೆ ನಾನು ಮಾಡಿದ ಕೆಲಸ ಅದೇ. ಎಲ್ಲ ಸಿಗ್ನಲ್ಲು, ಎಲ್ಲ ಎಮ್ಮೆ, ಎಲ್ಲ ಆಟೋಗಳ ತಾಯಿ ತಂದೆಯನ್ನು ಮಹಬೂಬ್ ಉರ್ದುವಿನಲ್ಲಿ ನೆನೆಯುತ್ತ ಟೆಂಪೊ ಓಡಿಸಿದ. ಹೃದಯ ಹಗುರಾಗುವಷ್ಟು ಚೆನ್ನಾಗಿ ಬೈಯುತ್ತಾನೆ.

ನನಗೆ ಗೊತ್ತಿದ್ದದ್ದು ನನ್ನ ಚೆಸ್ಟ್ ಡಾಕ್ಟರು ಒಬ್ಬರೇ. ಅಲ್ಲಿಗೇ ಒಯ್ದೆವು. ಆಕ್ಸಿಜನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು, ನೆಬ್ಯುಲೈಜರ್ ಹಾಕಿದರು. ಸಿಸ್ಟರ್ ಅವನ ಅಂಗಿ ಕಳೆಯುವಾಗ ಜೇಬಿನಿಂದ ಪೀಪಿ ಬಿತ್ತು. ಪೀಪಿಯ ಜೊತೆ ಒಂದು ಕಾಗದದ ಪೊಟ್ಟಣ. ಬಿಚ್ಚಿದರು.

ನನ್ನ ಕ್ಯಾಪ್ಸೂಲುಗಳು.

ಬೇರೆಯಾಗಲು ಸಾಧ್ಯವೇ ಇರಲಿಲ್ಲ. ಅರ್ಧ ಬಿಳಿ, ಅರ್ಧ ಬೂದು, ಮೇಲೆ ಟ್ರಯಲ್‌ನ ಗುರುತು. ಸಿಸ್ಟರ್ ನನ್ನ ಮುಖ ನೋಡಿದರು. ಆದರ್ಶ ರೋಗಿಯ ಮುಖ. ಡಾಕ್ಟರೂ ನೋಡಿದರು. ನಾನು ಶರಣಪ್ಪನನ್ನು ನೋಡಿದೆ. ಅವನು ಮುಖವಾಡದ ಹಿಂದಿನಿಂದ ಕಣ್ಣು ಮುಚ್ಚಿಕೊಂಡ. ಆ ಸ್ಥಿತಿಯಲ್ಲೂ ಜಾಣ.

ಅಷ್ಟರಲ್ಲಿ ಮಹಬೂಬ್ ಶಹಾಬಜಾರಕ್ಕೆ ಹೋಗಿ ಮಹಾದೇವಿಯನ್ನು ಕರೆತಂದ. ಅವಳು ತಮ್ಮನನ್ನು ನೋಡಿದಳು, ಪೊಟ್ಟಣ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡಳು.

"ನಾನೇ ಕಳ್ಸೀನ್ರಿ ಸಾಹೇಬ್ರ. ಬುಟ್ಟ್ಯಾಗ. ಇವರಿಗೆ ಗೊತ್ತಿಲ್ಲ."

ಎಲ್ಲ ಹೊರಬಿತ್ತು. ಒಂದು ನನಗೆ, ಒಂದು ಅವನಿಗೆ. ಬೇಳೆಯ ಕೆಳಗೆ, ರೊಟ್ಟಿಯ ಕೆಳಗೆ, ಮೊಮ್ಮಗಳ ಅಂಗಿಯ ಮಡಿಕೆಯಲ್ಲಿ. ಅವನು ಎಳೆದುಕೊಂಡು ಸಿಪ್ಪೆಗಳನ್ನು ಜೋಪಾನ ಮಾಡಿ ಬಾಳೆಹಣ್ಣಿನ ತಳದಲ್ಲಿ ಇಟ್ಟು ವಾಪಸು ಕಳಿಸುತ್ತಿದ್ದ. ಅವಳು ಅದನ್ನು ಕವರಿಗೆ ಸೇರಿಸುತ್ತಿದ್ದಳು. ಎರಡೂ ಕಡೆ ಬುಟ್ಟಿ ಖಾಲಿ ಹೋಗಲಿಲ್ಲ. ಇಷ್ಟು ತಿಂಗಳು ನನ್ನ ಔಷಧವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಯಾರೂ ತುಳಿಯದ ಹಾಗೆ ಕಾಯ್ದು, ನಾನೇ ಒಯ್ದು ಕಳಿಸಿದ್ದೆ.

ಡಾಕ್ಟರು ಶರಣಪ್ಪನ ಕಿವಿಯ ಹತ್ತಿರ ಬಾಗಿದರು. "ನಿಮ್ಮ ಮೊದಲಿನ ಗುಳಿಗಿ, ಮೊದಲಿನ ಕ್ಯಾಪ್ಸೂಲು?"

ಅವನು ಕೈ ಅಲ್ಲಾಡಿಸಿದ. ಫಾರಿನ್ ದವಾ ಬಂದ ಮೇಲೆ ಹಳೆಯದೆಲ್ಲ ಯಾಕೆಂದು ಬಿಟ್ಟುಬಿಟ್ಟಿದ್ದ. ಥಂಡಿ ಬಿದ್ದು ಕಫ ಕಟ್ಟಿದಾಗಲೂ ಅದನ್ನೇ ನೆಚ್ಚಿ ಕುಳಿತಿದ್ದ.

ಒಳಗೆ ಹೋದದ್ದು ಏನೆಂದು ತಿಳಿಯದೆ ಮುಂದಿನ ಔಷಧ ಕೊಡುವುದು ಡಾಕ್ಟರಿಗೆ ಸರಿ ಕಾಣಲಿಲ್ಲ. ಬಾಂಬೆಗೆ ಫೋನು ಹಚ್ಚಿದರು. ಲೈನು ಸಿಗಲಿಲ್ಲ. ಮತ್ತೆ ಹಚ್ಚಿದರು. ನಾನು, ಮಹಾದೇವಿ, ಸಿಸ್ಟರ್ ಮೂವರೂ ನಿಂತಿದ್ದೆವು, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನಿಂತವರ ಹಾಗೆ. ನನ್ನ ಡಬ್ಬಿಯ ನಂಬರು ಹೇಳಿದರು. "ಯೆಸ್. ಯೆಸ್. ಥ್ಯಾಂಕ್ಯೂ." ಫೋನು ಇಟ್ಟರು.

"ಸಕ್ಕರಿ ಅಲ್ಲೇನ್ರಿ?" ಎಂದೆ.

"ಅಲ್ರಿ. ಖರೇ ಔಷಧ."

ನಾನು ಸ್ಟೂಲಿನ ಮೇಲೆ ಕುಳಿತೆ.

ಮೊದಲ ದಿನದ ಮಾಳಿಗೆ. ಪ್ರತಿ ತಿಂಗಳ ದವಾಖಾನೆಯ ದಿನದ ಮಾಳಿಗೆ. ಎ.ಸಿ. ಅಲ್ಲ, ಹುರುಪಲ್ಲ. ಎರಡು ಎಳೆದ ದಿನಗಳು ಅವು. ಉಳಿದ ದಿನಗಳ ಅರ್ಧ ಮೆಟ್ಟಿಲು ಅರ್ಧ ಔಷಧದ್ದು. ಇನ್ನರ್ಧ ಕಮಲಾಪುರದಲ್ಲಿ ಬಾಳೆಗೊನೆ ಹೊರುತ್ತಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಡಬ್ಬಿಯ ಗುಟ್ಟು ಹೊರಬಿದ್ದದ್ದರಿಂದ, ಲೆಕ್ಕವೆಲ್ಲ ಕೆಟ್ಟದ್ದರಿಂದ, ನಾನು ಇನ್ನು ಟ್ರಯಲ್‌ನಲ್ಲಿ ಇರುವಂತಿಲ್ಲ ಎಂದರು. ಆಮೇಲಿನ ಪುಕ್ಕಟೆ ಔಷಧವೂ ಇಲ್ಲ. "ನನ್ನ ಕೈಯಾಗಿಲ್ರಿ," ಎಂದರು. ಅವರ ಕೈಯಲ್ಲಿ ಏನೂ ಇಲ್ಲದಿರುವುದು ಮೊದಲ ದಿನದಿಂದಲೂ ನನಗೆ ಗೊತ್ತಿತ್ತು. "ಆದರೂ ಒಂದು ಸಲ ಬಾಂಬೆಗೆ ಕೇಳಿ ನೋಡ್ತೀನಿ," ಎಂದರು. ಕೇಳಿದರು. ಆಗಲಿಲ್ಲ.

ಮನೆಗೆ ಬಂದು ನಾನು ಗಂಟೆಗಟ್ಟಲೆ ಮಾತಾಡಬೇಕೆಂದಿದ್ದೆ. ಆರೋಪಪಟ್ಟಿ ದಾರಿಯಲ್ಲೇ ಸಿದ್ಧವಾಗಿತ್ತು. ಎರಡು ವಾಕ್ಯಕ್ಕೆ ದಮ್ಮು ಹತ್ತಿತು. ಜಗಳಕ್ಕೂ ಶ್ವಾಸಕೋಶ ಬೇಕೆಂಬುದನ್ನು ವೈದ್ಯಶಾಸ್ತ್ರ ಎಲ್ಲಿಯೂ ಎಚ್ಚರಿಸುವುದಿಲ್ಲ.

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ಕೊಡ್ತಿದ್ದಿರೇನು?"

ನಾನು ಚಪ್ಪಲಿ ಕಳಚಿ ಮೂಲೆಗೆ ಇಟ್ಟೆ.

"ಎರಡು ಎದಿ ಹಾರಾಕತ್ತಾವ," ಎಂದಳು ಮಹಾದೇವಿ. "ಡಬ್ಬಿ ಒಂದೇ ಅದ. ಇಕಡಿ ಗಂಡ, ಅಕಡಿ ತಮ್ಮ. ನಾ ಏನು ಮಾಡ್ಬೇಕಿತ್ತು, ನೀವs ಹೇಳ್ರಿ. ಮುಚ್ಚಿಟ್ಟು ಒಬ್ಬರಿಗೇ ತಿನಿಸ್ಲೇನು?" ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅರ್ಧ ಔಷಧ ಅಂದ್ರ ಅರ್ಧ ಗುಣ ಆಗ್ತದಂತ ತಿಳಿದಿದ್ದೆ," ಎಂದಳು. "ಇಬ್ಬರಿಗೂ ಅರ್ಧರ್ಧ ಆದ್ರ ಸಾಕಿತ್ತು ನನಗ."

ಹಿಟ್ಟನ್ನು ಎರಡು ಪಾಲು ಮಾಡಿದರೆ ಇಬ್ಬರಿಗೂ ರೊಟ್ಟಿಯಾಗುತ್ತದೆ. ಔಷಧಕ್ಕೆ ಆ ಧರ್ಮ ಇಲ್ಲ. ಇದನ್ನು ಅವಳಿಗೆ ಬಿಡಿಸಿ ಹೇಳಿದವರು ಯಾರು? ಡಾಕ್ಟರು ನಿಯಮ ಹೇಳಿದರು, ಸಿಸ್ಟರ್ ಲೆಕ್ಕ ಹೇಳಿದರು, ನಾನು ಬಾಯಿ ತೆರೆದೆ. ಸಿಟ್ಟು ಇಳಿಯಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಆದರೆ ಅದನ್ನು ಯಾರ ಮೇಲೆ ಇಡಬೇಕೆಂದು ತಿಳಿಯದೆ ಕೊನೆಗೆ ಬುಟ್ಟಿಯ ಮೇಲೆ ಇಟ್ಟೆ. ಅದನ್ನು ಒದ್ದೆ. ಕಾಲು ನೊಂದಿತು. ಬುಟ್ಟಿಗೆ ಏನೂ ಆಗಲಿಲ್ಲ.

ಶರಣಪ್ಪ ವಾರ್ಡಿನಲ್ಲಿ ಹಾಸಿಗೆ ಹಿಡಿದು, ಆಮೇಲೆ ಎದ್ದು ಕೂತ. ನಾನು ನೋಡಲು ಹೋದಾಗ ಮುಖವಾಡ ಸರಿಸಿ, "ಮಾಮಾ, ನಿಮಗ ಬಂದಿದ್ದು ಖರೇ ಮಾಲು ಇತ್ತಂತ?" ಎಂದ.

"ನಾಚಿಕಿ ಆಗಂಗಿಲ್ಲೇನಲೇ ನಿನಗ?"

"ಆಗ್ತದರಿ. ಉಸಿರು ಬಂದ ಮ್ಯಾಲ ನಾಚ್ಕೋತೀನಿ ಅಂದಿದ್ದೆ." ನಕ್ಕ. ಕೆಮ್ಮಿದ. ಮುಖವಾಡ ಹಾಕಿಕೊಂಡ. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

ಈಗ ಇಬ್ಬರಿಗೂ ಪೇಟೆಯಲ್ಲಿ ಸಿಗುವ ಸಾದಾ ಕ್ಯಾಪ್ಸೂಲು. ಅವನವು ಅವನ ಡಬ್ಬಿಯಲ್ಲಿ, ನನ್ನವು ನನ್ನ ಡಬ್ಬಿಯಲ್ಲಿ. ನನ್ನದು ನನ್ನ ಸುಪರ್ದಿಗೆ ಬಂದಿದೆ. ಖಾತೆ ಬದಲಾವಣೆಯನ್ನು ಮಹಾದೇವಿ ಪ್ರತಿಭಟಿಸಲಿಲ್ಲ. ಬದಲಿಗೆ ಬಾಳೆಹಣ್ಣಿನ ಮೇಲಿನ ನಿಷೇಧವನ್ನು ಒಂದು ಹಣ್ಣಿನ ಮಟ್ಟಿಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ಎಂಬ ಷರತ್ತಿನ ಮೇಲೆ ಸಡಿಲಿಸಿದ್ದಾಳೆ. ಡಾಕ್ಟರ ವಿದ್ಯೆಯ ಮೇಲೆ ಗೌರವ ಬಂದದ್ದರಿಂದಲ್ಲ. ಅದು ಒಂದು ಬಗೆಯ ರಾಜಿ. ನಾನು ತಿಂದೆ. ದಮ್ಮು ಹೆಚ್ಚಾಗಲಿಲ್ಲ. ಹಾಗೆಂದು ಹೇಳಲು ಹೋಗಲಿಲ್ಲ.

ಬುಟ್ಟಿ ಈಗಲೂ ಬರುತ್ತದೆ. ಈಗಲೂ ಖಾಲಿ ಹೋಗುವುದಿಲ್ಲ. ಮಿಲ್ಲಿಗೆ ಒಯ್ಯುವ ಮುಂಚೆ ಪದ್ಧತಿ ಮುರಿದು ಬಟ್ಟೆ ತೆಗೆದು ನೋಡುತ್ತೇನೆ. ಬೇಳೆ ಇರುತ್ತದೆ, ರೊಟ್ಟಿ ಇರುತ್ತದೆ. ಮತ್ತೆ ಕಟ್ಟುತ್ತೇನೆ. ಕಪನೂರದ ಗೇಟಿನಲ್ಲಿ ಮಹಬೂಬ್ ಅದನ್ನು ಇಸಿದುಕೊಳ್ಳುತ್ತ ಕೇಳುತ್ತಾನೆ, "ಚೆಕ್ ಆಗ್ಯಾದೇನ್ರಿ ಸಾಬ್?"

ಹೋದ ವಾರ ಪರೀಕ್ಷೆಗೆ ಹೋಗಿದ್ದೆ. ಡಾಕ್ಟರು ಗ್ರಾಫು ನೋಡಿ, ಹೋದ ವರ್ಷದ್ದಕ್ಕಿಂತ ಇಳಿದಿಲ್ಲ, ಏರಿಲ್ಲ ಎಂದರು. ಇದಕ್ಕೆ ಸಂತೋಷಪಡಬೇಕಂತೆ. ಪಡುತ್ತಿದ್ದೇನೆ. ಹೊರಗೆ ಬರುವಾಗ ಸಿಸ್ಟರ್ ಎದುರಾದರು, ಕಂಡೂ ಕಾಣದಂತೆ ಹೋಗುತ್ತಾರೇನೋ ಅಂದುಕೊಂಡೆ. "ಅವ್ವಾರು ಆರಾಮ ಅದಾರ್ರಿ ಕಾಕಾ?" ಎಂದು ಕೇಳಿದರು. ಆರಾಮ ಇದ್ದಾಳೆಂದು ಹೇಳಿದೆ.

ಹೋಳಿ ಮುಗಿಯಿತು. ಓಣಿಯ ಮಂದಿ ಹಾಸಿಗೆ ಸುತ್ತಿಕೊಂಡು ಮೇಲೆ ಹತ್ತಿದರು. ಬಿಸಿಲು ಇಳಿಯುವತನಕ ಕಣ್ಣೆದುರಿಗೇ ಇರಲೆಂದು ಮಹಾದೇವಿ ತಮ್ಮನನ್ನು ಮೊನ್ನೆ ಕಮಲಾಪುರದಿಂದ ಕರೆಸಿಕೊಂಡಿದ್ದಾಳೆ. ಆ ಹೊಸ ಔಷಧ ಇನ್ನೂ ಪೇಟೆಗೆ ಬಂದಿಲ್ಲ. ಈ ಬೇಸಿಗೆಯೂ ನಾನು ಕೆಳಗೇ ಮಲಗುತ್ತೇನೆ, ಪಕ್ಕದ ಹಾಸಿಗೆಯಲ್ಲಿ ಶರಣಪ್ಪ ಮಲಗುತ್ತಾನೆ.